ಮುಷ್ಟಿ ಬಿಡಿಸುವ ಹೌಸಾಬಾಯಿ

ಬೆಳಗಿನ ಆರು ಗಂಟೆ. ಮಹಾರಾಷ್ಟ್ರದ ಕರಾಡದ ಒಂದು ಬಚ್ಚಲುಮನೆಯಲ್ಲಿ ಹೌಸಾಬಾಯಿ ಲೋಖಂಡೆ ಕಾಲು ನೀಡಿ ಕೂತಿದ್ದಾರೆ. ಕಾಲ ಮೇಲೆ ಎಂಟು ತಿಂಗಳ ಓವಿ ಮಲಗಿದ್ದಾಳೆ. ಎಣ್ಣೆಯ ಬಟ್ಟಲನ್ನು ಮುಟ್ಟುವ ಮೊದಲು ಹೌಸಾಬಾಯಿ ಮಗುವಿನ ಬಲಮುಷ್ಟಿಯ ಹಿಂಬದಿಯನ್ನು ಮೆಲ್ಲಗೆ ಸವರುತ್ತಾರೆ. ಹೆಬ್ಬೆರಳು ಮುಷ್ಟಿಯೊಳಗೇ ಅಡಗಿದೆ. ತಾಯಿ ಪ್ರಾಜಕ್ತಾ ಉಸಿರು ಬಿಗಿಹಿಡಿದು ನೋಡುತ್ತಾಳೆ.

"ನೀ ಯಾಕ ಉಸರು ಹಿಡದೀಯವ್ವಾ? ಬಿಚ್ಚಬೇಕಾದದ್ದು ಆಕಿ ಕೈ" ಎಂದು ಹೌಸಾಬಾಯಿ ನಗುತ್ತಾರೆ.

ವಯಸ್ಸು ಐವತ್ತೆಂಟು. ಗಂಡ ತೀರಿಕೊಂಡಾಗ ಕಿರಿಯ ಮಗಳಿನ್ನೂ ಮೊಲೆ ಬಿಟ್ಟಿರಲಿಲ್ಲ. ಅತ್ತೆಯಿಂದ ಕಲಿತ ಎಣ್ಣೆ ತಿಕ್ಕುವ ಕಸುಬೇ ಅಂದಿನಿಂದ ಅನ್ನ ಹಾಕಿದೆ. ಈಗಲೂ ದಿನಕ್ಕೆ ಐದು ಮನೆ, ಐದು ಕೂಸು, ಎಲ್ಲವೂ ಕಾಲ್ನಡಿಗೆ. ಪೇಟೆಯ ಅರ್ಧ ಜನರ ಮೈಗೆ ಮೊದಲ ಎಣ್ಣೆ ಇವರದೇ ಆದರೂ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಬರೀ ಮಾವಶಿ, ಅಂದರೆ ಚಿಕ್ಕಮ್ಮ.

ಹನ್ನೆರಡು ವರ್ಷದ ಹಿಂದಿನ ಒಂದು ಮಾತು ಅವರನ್ನು ಇನ್ನೂ ಚುಚ್ಚುತ್ತದೆ. ಒಂದು ಮನೆಯ ಕೂಸು ಮುಷ್ಟಿ ಬಿಚ್ಚುತ್ತಿರಲಿಲ್ಲ. "ಕೈ ಬಿಗಿ ಐತಿ, ಮನಿ ಲಕ್ಷ್ಮೀನ್ನ ಬಿಡಂಗಿಲ್ಲ ಈಕಿ ಅಂತ ನಾನ ಹೇಳಿದ್ನಿರಿ. ಅವರೂ ನಂಬಿ ಸಕ್ಕರಿ ಹಂಚಿದ್ರು." ದವಾಖಾನೆಗೆ ಹೋಗುವಷ್ಟರಲ್ಲಿ ಮಗುವಿಗೆ ಎರಡೂವರೆ ವರ್ಷ. ಹುಟ್ಟುವಾಗ ಉಸಿರು ಸಿಗದೆ ಮೆದುಳಿಗೆ ಪೆಟ್ಟಾಗಿತ್ತು. ಆ ಹುಡುಗಿಯ ಕೈ ಇಂದಿಗೂ ಪೂರ್ತಿ ಬಿಚ್ಚಿಲ್ಲ. ಅಂದಿನಿಂದ ಹೌಸಾಬಾಯಿ ಪ್ರತಿ ಕೂಸಿನ ಹೆಬ್ಬೆರಳು ಮುಷ್ಟಿಯೊಳಗೇ ಉಳಿದಿದೆಯೇ ಎಂದು ನೋಡಿಯೇ ಎಣ್ಣೆ ಮುಟ್ಟುವುದು. ಇಲ್ಲಿಯವರೆಗೆ ಒಂಬತ್ತು ಮಕ್ಕಳನ್ನು ಬೇಗನೆ ದವಾಖಾನೆಗೆ ಕಳಿಸಿದ್ದಾರೆ.

ಓವಿ ಒಂಬತ್ತನೆಯವಳು. ಏಳನೇ ತಿಂಗಳಿಗೇ ಹುಟ್ಟಿದಳು, ಹುಟ್ಟಿದಾಗ ಅಳಲಿಲ್ಲ. ಡಾಕ್ಟರು ತಪ್ಪದೆ ತೋರಿಸಿರೆಂದರೂ, ಕೂಸು ಮೈ ತುಂಬಿಕೊಂಡಿತಲ್ಲ ಎಂದು ಅಜ್ಜಿ ಶಾಲನ್‌ಬಾಯಿ ಹೋಗುವುದನ್ನೇ ನಿಲ್ಲಿಸಿದ್ದರು. ಐದನೇ ತಿಂಗಳಲ್ಲೂ ಹೆಬ್ಬೆರಳು ಹೊರಗೆ ಬರದಿದ್ದಾಗ, ದವಾಖಾನೆಗೆ ತೋರಿಸಿರೆಂದು ಹೌಸಾಬಾಯಿ ಬಾಯಿ ತೆರೆದರು.

"ಎಣ್ಣಿ ತಿಕ್ಕಾಕ ಕರದೀವಿ, ಡಾಕ್ಟರಕಿ ಮಾಡಾಕಲ್ಲ" ಎಂದರು ಶಾಲನ್‌ಬಾಯಿ.

"ಹಂಗಾದ್ರ ದವಾಖಾನಿಗೆ ಹೋಗಿ ಬರೂತನಕ ಎಣ್ಣಿ ಮುಟ್ಟಂಗಿಲ್ರಿ" ಎಂದು ಬಟ್ಟಲು ಕೆಳಗಿಟ್ಟು ಹೊಸ್ತಿಲಲ್ಲೇ ಕೂತುಬಿಟ್ಟರು. ಮರುದಿನವೂ ಬಂದು ಹಾಗೆಯೇ ಕೂತರು. ಮೂರನೇ ದಿನ ಶಾಲನ್‌ಬಾಯಿಯೇ ರಿಕ್ಷಾ ಕರೆಸಿದರು.

ಈಗ ವಾರಕ್ಕೆರಡು ಬಾರಿ ದವಾಖಾನೆಯಲ್ಲಿ ವ್ಯಾಯಾಮ. ಅಲ್ಲಿ ಕಲಿಸಿದ್ದನ್ನು ಹೌಸಾಬಾಯಿ ದಿನಾ ಮುಂಜಾನೆ ಮನೆಯಲ್ಲಿ ಮಾಡುತ್ತಾರೆ. ಎಡಗೈ ಆಗಲೇ ಸಡಿಲವಾಗಿದೆ. ಬಲಗೈ ಬಿಚ್ಚಿದರೂ ಕ್ಷಣದಲ್ಲಿ ಮುಚ್ಚಿಕೊಳ್ಳುತ್ತದೆ. ಎಷ್ಟು ಹೊತ್ತು ಬಿಚ್ಚಿರುತ್ತದೆಂದು ಎಣಿಸುವುದು ಶಾಲನ್‌ಬಾಯಿಯ ಕೆಲಸ. ನಿನ್ನೆ ಏಳು ಎಣಿಸಿದ್ದರು.

ಇಂದು ಹೆಬ್ಬೆರಳು ಮೆಲ್ಲಗೆ ಹೊರಬರುತ್ತದೆ. ಒಳಗೆ ಸಿಕ್ಕಿಕೊಂಡಿದ್ದ ನೂಲಿನ ಎಳೆಯನ್ನು ಪ್ರಾಜಕ್ತಾ ಸೆರಗಿನಿಂದ ಒರೆಸಿ ತೆಗೆಯುತ್ತಾಳೆ. ಬಾಗಿಲಲ್ಲಿ ನಿಂತ ಶಾಲನ್‌ಬಾಯಿ ಎಣಿಸುತ್ತಾ ಹನ್ನೊಂದಕ್ಕೆ ಬರುವಾಗ ಒಂದು ಹೆಜ್ಜೆ ಒಳಗಿಡುತ್ತಾರೆ. ಹನ್ನೆರಡಕ್ಕೆ ಮುಷ್ಟಿ ಮತ್ತೆ ಮುಚ್ಚುತ್ತದೆ.

ಸಂಕ್ರಾಂತಿಗೆ ಓವಿಯ ತಲೆ ಮೇಲೆ ಬಾರಿಹಣ್ಣು, ಅಂದರೆ ಎಲಚಿಹಣ್ಣು, ಸುರಿಯುವ ಶಾಸ್ತ್ರವಿದೆ. ಅಂದು ಮಾವಶಿಗೆ ಸೀರೆ ಉಡಿಸಬೇಕೆಂದು ಶಾಲನ್‌ಬಾಯಿ ಹೇಳುತ್ತಾರೆ.

"ಸೀರಿ ಇರಲಿ ಬಿಡ್ರಿ" ಎಂದು ಹೌಸಾಬಾಯಿ ಎಣ್ಣೆಯ ಬಟ್ಟಲು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. "ಈ ಬಲಗೈಲೆ ಒಂದ ಬಾರಿಹಣ್ಣ ಎತ್ತಿ ನನ್ನ ಮ್ಯಾಲ ಒಗೀಲಿ, ಸಾಕು."