ಸದ್ದು ಎಷ್ಟು?

ನಿವೃತ್ತ ಹೆಡ್‌ಮೇಷ್ಟ್ರು ತಮ್ಮ ಹೈಬ್ರಿಡ್ ಕಾರಿಗೆ ಹೊಸ ಟೈರು ಹುಡುಕಲು ಹೊರಟು ತಿಂಗಳಾಗಿತ್ತು; ಮಗಳಿಗೆ ಗಂಡು ಹುಡುಕುವಾಗಲೂ ಅವರು ಇಷ್ಟು ಚಪ್ಪಲಿ ಸವೆಸಿರಲಿಲ್ಲ. ಟೈರಂಗಡಿಯ ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ಕನ್ನಡಕ ಏರಿಸಿ ಪ್ರತಿ ಟೈರನ್ನೂ ಉತ್ತರಪತ್ರಿಕೆಯಂತೆ ಓದಿ, ಹೆಬ್ಬೆರಳಲ್ಲಿ ಒತ್ತಿ, ಕಲ್ಲಂಗಡಿ ಹಣ್ಣಿನಂತೆ ತಟ್ಟಿ ಕಿವಿಗೊಡುತ್ತಿದ್ದರು. “ಇದು ಒಳ್ಳೇ ಮೈಲೇಜ್ ಕೊಡುತ್ತೆ ಮೇಷ್ಟ್ರೇ” ಎಂದು ಅಂಗಡಿಯವನು ಹೇಳಿದರೆ, “ಅದಿರಲಿ, ಸದ್ದು ಎಷ್ಟು?” “ಮಳೇಲಿ ಜಾರಲ್ಲ.” “ಸಂತೋಷ. ಸದ್ದು?” ಕೊನೆಗೆ ತಲೆ ಚಿಟ್ಟುಹಿಡಿದು ಅವನು, “ಟೈರು ಅಂದ್ಮೇಲೆ ಸ್ವಲ್ಪ ಗುಂಯ್ ಅನ್ನದೆ ಇರುತ್ತಾ? ಅಷ್ಟು ವರ್ಷ ಮಕ್ಕಳ ಗಲಾಟೆ ತಡ್ಕೊಂಡವರು ನೀವು” ಎಂದ. ಮೇಷ್ಟ್ರು ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು: “ನನಗಲ್ಲಪ್ಪ. ಕಾಯಿಲೆ ಬಿದ್ಮೇಲೆ ನಮ್ಮನೆಯವಳಿಗೆ ಹಾಸಿಗೇಲಿ ಕಣ್ಣೇ ಹತ್ತಲ್ಲ. ಕಾರು ಬ್ಯಾಟರೀಲಿ ಮೆಲ್ಲಗೆ ಓಡುವಾಗ ಮಾತ್ರ ಹಿಂದಿನ ಸೀಟಲ್ಲಿ ನಿದ್ದೆ ಬರುತ್ತೆ. ಟೈರು ಸವೆದು ಸದ್ದು ಶುರುವಾದಾಗಿಂದ ಅದೂ ಹೋಯ್ತು.” ಅಂಗಡಿಯವನು ಒಳಗಿನಿಂದ ನಾಲ್ಕು ಟೈರು ಉರುಳಿಸಿಕೊಂಡು ಬಂದ. ಅಂದು ಸಂಜೆ ಹಿಂದಿನ ಸೀಟಿನಿಂದ ಸಣ್ಣ ಗೊರಕೆ ಕೇಳುತ್ತಿದ್ದುದರಿಂದ, ಮೇಷ್ಟ್ರು ತಮ್ಮ ಮನೆಯ ಗೇಟನ್ನೇ ಮೂರು ಸಲ ದಾಟಿ ಹೋದರು.