ಸುಟ್ಟ ಕಲೆಯಲ್ಲ

ಬೆಳಗ್ಗೆ ಏಳಕ್ಕೆ ಕೆಳಗಿನ ಲಾಂಡ್ರಿಯಲ್ಲಿ ಹಬೆ ಬುಸ್ಸೆಂದರೆ ಸಾಕು, ಮೇಲಿನ ಕೋಣೆಯಿಂದ ಇಸ್ತ್ರಿಯಕ್ಕ ಕೂದಲು ಗಂಟು ಹಾಕಿಕೊಳ್ಳುತ್ತ ಮೆಟ್ಟಿಲಿಳಿಯುತ್ತಿದ್ದಳು. ಹತ್ತೊಂಬತ್ತು ವರ್ಷ ಅದೇ ಮೇಜು. ಬಲಗಾಲು ಇಸ್ತ್ರಿ ಯಂತ್ರದ ಪೆಡಲಿನ ಮೇಲೆ, ಮೈಭಾರವೆಲ್ಲ ಎಡಗಾಲಿನ ಮೇಲೆ.

ಎಡಗಾಲಿನ ಮೀನಖಂಡದಲ್ಲಿ ನರಗಳು ಹುರಿಹಗ್ಗದಂತೆ ಉಬ್ಬಿಕೊಂಡಿದ್ದವು. ಸಂಜೆಗೆ ಕಾಲು ಕಲ್ಲುಗುಂಡು. ಕಾಲುಚೀಲ ತೆಗೆದರೆ ಅದರ ಅಂಚು ಚರ್ಮದಲ್ಲಿ ಅಚ್ಚೊತ್ತಿರುತ್ತಿತ್ತು. "ದುಡಿಯೋ ಕಾಲು, ಹೀಗೇ ಇರುತ್ತೆ" ಅನ್ನುತ್ತಿದ್ದಳು.

ಅದೇ ಕಾಲಿನ ಪಾದದ ಗಂಟಿನ ಮೇಲೆ ಕಂದು ಕಲೆ ಮೂಡಿದಾಗಲೂ ಅನುಮಾನ ಬರಲಿಲ್ಲ. ಬಿಸಿ ಹಬೆಯ ಕೊಳವೆ ಹಾದುಹೋಗುವುದು ಅಲ್ಲೇ. ಇಸ್ತ್ರಿಯವರ ಮೈಗೆ ಸುಟ್ಟ ಕಲೆ ಹೊಸದೇ? ಎರಡು ವರ್ಷ ಸುಟ್ಟ ಗಾಯದ ಮುಲಾಮು ಹಚ್ಚಿದಳು. ಕಲೆ ತುರಿಸಿತು, ಗಟ್ಟಿಯಾಯಿತು, ಕೊನೆಗೆ ಬಾಯಿಬಿಟ್ಟಿತು. ಆರು ವಾರವಾದರೂ ಹುಣ್ಣು ಮಾಯಲಿಲ್ಲ. ಮಗಳು ಅವಳನ್ನು ಆಸ್ಪತ್ರೆಗೆ ಎಳೆದುಕೊಂಡೇ ಹೋದಳು.

ವೈದ್ಯೆ ಅವಳನ್ನು ನಿಲ್ಲಿಸಿ ಕಾಲು ನೋಡಿದರು. "ಇದು ಸುಟ್ಟಿದ್ದಲ್ಲಮ್ಮ. ರಕ್ತನಾಳದೊಳಗಿನ ಕವಾಟ ಸಡಿಲವಾಗಿ ರಕ್ತ ಕೆಳಗೇ ನಿಂತುಬಿಡುತ್ತೆ. ಊತ, ತುರಿಕೆ, ಬಣ್ಣ ಬದಲಾದಾಗಲೇ ಬರಬೇಕಿತ್ತು. ಗುರುವಾರ ಸ್ಕ್ಯಾನ್ ಮಾಡೋಣ. ಅದನ್ನ ನೋಡಿ ಕಾಲಿಗೆ ಬಿಗಿಪಟ್ಟಿ, ಚಿಕಿತ್ಸೆ. ನಡುವೆ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ಅವತ್ತೇ ಬನ್ನಿ. ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯಬೇಡಿ. ತುಂಬಾ ಹೊತ್ತು ನಿಲ್ಲಬೇಡಿ."

ಹೊರಗೆ ಬಂದ ಮೇಲೆ ಇಸ್ತ್ರಿಯಕ್ಕ ಸಿಡುಕಿದಳು. "ನಿಲ್ಲಬೇಡಿ ಅಂತೆ. ಮೀನಿಗೆ ಈಜಬೇಡ ಅಂದ ಹಾಗೆ."

"ಕೂತು ಮಾಡೋ ಕೆಲಸ ಕೇಳಮ್ಮ. ಬಟ್ಟೆ ಮಡಿಸೋಕೆ ಜನ ಬೇಕಲ್ಲ."

"ಹತ್ತೊಂಬತ್ತು ವರ್ಷ ಇಸ್ತ್ರಿ ಹಿಡಿದವಳು ಕರವಸ್ತ್ರ ಮಡಿಸಲಾ?"

"ಕಾಲೇ ಹೋದ್ಮೇಲೆ ಏನು ಹಿಡೀತೀಯ?"

ಅಕ್ಕ ಆಸ್ಪತ್ರೆಯ ಗೋಡೆಗೆ ಒರಗಿದಳು. ಎಡಗಾಲನ್ನು ನೆಲದಿಂದ ಸ್ವಲ್ಪ ಎತ್ತಿ ಹಿಡಿದಿದ್ದಳು, ಬೇರೆ ಯಾರದೋ ವಸ್ತುವನ್ನು ಹಿಡಿದುಕೊಂಡಂತೆ.

"ಗುರುವಾರ ಹೋಟೆಲಿನವರ ಹೊದಿಕೆ ಬರೋ ದಿನ. ಲಾಂಡ್ರಿ ಯಜಮಾನರು ಬಿಡಲ್ಲ."

"ಹೊದಿಕೆಗೆ ಹುಣ್ಣಾಗಿದೆಯಾ?"

ನಗು ಬಂದದ್ದಕ್ಕೇ ಅಕ್ಕನಿಗೆ ಇನ್ನಷ್ಟು ಸಿಟ್ಟು ಬಂತು. ಸ್ಕ್ಯಾನಿನ ಚೀಟಿಯನ್ನು ಮಗಳ ಕೈಯಿಂದ ಕಿತ್ತುಕೊಂಡಳು.

"ಗುರುವಾರ ನಾನು ಬರಲ್ಲ ಅಂತ ಈಗಲೇ ಹೇಳಿ ಬರ್ತೀನಿ. ಆಗಲ್ಲ ಅಂದ್ರೆ ಆ ಹೊದಿಕೇನೆಲ್ಲ ತಗೊಂಡು ಅವರ...