ಎಡಗಡೆ ಹುಡುಗಿ

ನಮ್ಮ ಅತ್ತಿಗೆಯ ಕಣ್ಣು ಸರಿಯಿಲ್ಲ ಎಂದು ಅಣ್ಣ ಮದುವೆಯಾದ ಹೊಸತರಲ್ಲೇ ನನ್ನ ಹತ್ತಿರ ದೂರು ಹೇಳಿದ್ದ. ಊಟಕ್ಕೆ ಕೂತಾಗಲೂ ಎದುರಿಗಿದ್ದವರು ಎಲ್ಲಿ ತಲೆ ಕೆರೆದರು, ಎಲ್ಲಿ ಆಕಳಿಸಿದರು ಎಂದು ನೋಡುತ್ತಾರೆ, ಮನಸ್ಸಿನಲ್ಲೇ ಅಷ್ಟನ್ನು ಕತ್ತರಿಸಿ ಹಾಕುತ್ತಾರೆ. ಇಪ್ಪತ್ತು ವರ್ಷ ವಿಡಿಯೋ ಎಡಿಟಿಂಗ್ ಮಾಡಿದವರ ಕಣ್ಣು ಇನ್ನು ಹೇಗಿರಬೇಕು? ನಾನು ಅದೇ ಸ್ಟುಡಿಯೋದಲ್ಲಿ ಮುಂದಿನ ಮೇಜಿನಲ್ಲಿ ಕೂತು ಆರ್ಡರ್ ಬರೆದುಕೊಳ್ಳುವವಳು. ಮನೆಯಲ್ಲಿ ನಾದಿನಿ, ಇಲ್ಲಿ ಗುಮಾಸ್ತೆ. ಎರಡೂ ಕಡೆ ಅವರ ಬೈಗುಳಕ್ಕೆ ನಾನೇ ಕಾಯಂ ಗಿರಾಕಿ.

ಸ್ಟುಡಿಯೋ ಇರುವುದು ಮೂರನೇ ಮಹಡಿಯಲ್ಲಿ. ಸಂಜೆ ಏಳಕ್ಕೆ ವಾಚ್‌ಮನ್ ಸೀಟಿ ಊದಿ ಕೆಳಗಿನ ಗೇಟಿಗೆ ಬೀಗ ಜಡಿಯುತ್ತಾನೆ, ಆಮೇಲೆ ಜಪ್ಪಯ್ಯ ಅಂದರೂ ತೆಗೆಯುವುದಿಲ್ಲ. ಎಡಿಟಿಂಗ್ ಕೋಣೆ ಮೊದಲು ಉಗ್ರಾಣವಾಗಿತ್ತು. ಕಿಟಕಿಗೆ ಕಪ್ಪು ಬಟ್ಟೆ, ಎರಡು ಸ್ಕ್ರೀನು, ಗೋಡೆಯುದ್ದಕ್ಕೂ ಚಪ್ಪಲಿ ಡಬ್ಬಿಗಳಲ್ಲಿ ಹಾರ್ಡ್ ಡಿಸ್ಕುಗಳು, ಒಂದೊಂದರ ಮೇಲೂ ಅತ್ತಿಗೆಯ ಕೈಬರಹದಲ್ಲಿ ಇಸವಿ. ಅವರಿಗೆ ಎರಡು ಹಟ. ಒಂದು, ಚಿತ್ರೀಕರಿಸಿದ್ದನ್ನೆಲ್ಲ ಮಾಮೂಲಿ ವೇಗದಲ್ಲಿ ಪೂರ್ತಿ ನೋಡದೆ ಕತ್ತರಿಸುವಂತಿಲ್ಲ. ಎರಡು, ಅವರ ಕೈಯಿಂದ ಹೊರಗೆ ಹೋದ ಡಾನ್ಸಿನಲ್ಲಿ ಒಂದೇ ಒಂದು ತಪ್ಪು ಹೆಜ್ಜೆ ಇರುವಂತಿಲ್ಲ.

ಒಂದು ಶಾಲೆಯ ವಾರ್ಷಿಕೋತ್ಸವವನ್ನು ಪ್ರತಿ ವರ್ಷ ನಾವೇ ಚಿತ್ರೀಕರಿಸುತ್ತೇವೆ. ಎರಡು ಕ್ಯಾಮೆರಾ ಹಿಡಿದು ಇಬ್ಬರು ಓಡಾಡುತ್ತಾರೆ. ಮೂರನೆಯದನ್ನು ಸಭಾಂಗಣದ ಕೊನೆಯಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸ್ವಿಚ್ ಒತ್ತಿ ಮರೆತುಬಿಡುತ್ತೇವೆ. ಅದಕ್ಕೆ ನಾವಿಟ್ಟ ಹೆಸರು ‘ಕಂಬ’. ಸಿನಿಮಾ ತಯಾರಾಗಿ ಪೋಷಕರ ಕೈ ಸೇರಿದ ಮೇಲೆ ಡಿಸ್ಕಿನಲ್ಲಿ ಜಾಗ ಸಾಲದೆಂದು ಓಡಾಡಿದ ಕ್ಯಾಮೆರಾಗಳದ್ದನ್ನು ಅಳಿಸುತ್ತೇವೆ. ಕಂಬದ್ದು ಮಾತ್ರ ಹಾಗೇ ಉಳಿಯುತ್ತದೆ. ನಮ್ಮ ಮಗು ವೇದಿಕೆ ಮೇಲಿತ್ತು, ನೀವು ತೋರಿಸಿಲ್ಲ ಎಂದು ಯಾರಾದರೂ ಜಗಳಕ್ಕೆ ಬಂದರೆ ಸಾಕ್ಷಿಗಿರಲಿ ಅಂತ.

ಅವತ್ತು ಮಂಗಳವಾರ ಮಧ್ಯಾಹ್ನ ಬಂದ ಹೆಂಗಸು ಜಗಳಕ್ಕೇನೂ ಬಂದಿರಲಿಲ್ಲ. ಆ ಶಾಲೆಯ ಡಾನ್ಸುಗಳಿಗೆಲ್ಲ ಬಟ್ಟೆ ಹೊಲಿಯುವ ಟೈಲರಮ್ಮ. ಕತ್ತಿನಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದರೋ ಏನೋ. ಶಾಲೆಯ ಗುರುತಿನ ಚೀಟಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು.

“ನನ್ನ ಮಗಳು. ಹತ್ತನೇ ಕ್ಲಾಸು. ಹೋದ ತಿಂಗಳು ಜ್ವರ ಬಂದು ಹೋಗಿಬಿಟ್ಲು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಶಾಲೇಲಿ ಅವಳಿಗೋಸ್ಕರ ಸಭೆ ಇಟ್ಟಿದ್ದಾರೆ. ಒಂದನೇ ಕ್ಲಾಸಿಂದ ಅವಳು ಕುಣಿದಿದ್ದನ್ನೆಲ್ಲ ಸೇರಿಸಿ ಒಂದು ಮೂರು ನಿಮಿಷದ್ದು ಮಾಡಿಕೊಡ್ತೀರಾ?”

ಅತ್ತಿಗೆ ಒಳಗಿನಿಂದ ಬಂದು ನಿಂತಿದ್ದರು. ನಿಮ್ಮ ಹತ್ತಿರ ನಾವು ಕೊಟ್ಟ ಸಿನಿಮಾಗಳು ಇಲ್ಲವೇ ಎಂದು ಕೇಳಿದರು.

“ಎಲ್ಲಾ ವರ್ಷದ್ದೂ ಇದೆ ಅಮ್ಮಾ. ಇವಳು ಹೀಗೆ ಬಂದು ಹಾಗೆ ಮಾಯ ಆಗ್ತಾಳೆ. ‘ನಾನು ಹಿಂದೆ ಇದ್ದೆ ಅಮ್ಮಾ, ಕ್ಯಾಮೆರಾಗೆ ಸಿಕ್ಕಿಲ್ಲ’ ಅಂತಿದ್ಲು. ಹೋಗ್ಲಿ, ಎದುರಿಗಾದರೂ ನೋಡಿದೀನಾ ಅಂದ್ರೆ ಅದೂ ಇಲ್ಲ. ಕಾರ್ಯಕ್ರಮ ನಡೆಯುವಾಗೆಲ್ಲ ನಾನು ಪರದೆ ಹಿಂದೆ ಕೂತು ಹರಿದಿದ್ದು ಬಿಚ್ಚಿದ್ದು ಹೊಲೀತಾ ಇರ್ತಿದ್ದೆ. ನನ್ನ ಮಗಳು ಕುಣಿಯೋದನ್ನ ನಾನು ನೋಡೇ ಇಲ್ಲ.”

ಗುರುವಾರ ಸಂಜೆ ಐದಕ್ಕೆ ಬನ್ನಿ, ತೋರಿಸುತ್ತೇನೆ ಎಂದರು ಅತ್ತಿಗೆ. ಅವರು ಅಷ್ಟು ಸುಲಭವಾಗಿ ಮಾತು ಕೊಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ನಮ್ಮ ಯಜಮಾನರು ಪ್ರತಿ ಮಾತಿಗೂ ‘ಆಯ್ತಾ’ ಎನ್ನುವುದರಿಂದ ಅವರ ಬೆನ್ನ ಹಿಂದೆ ನಾವೆಲ್ಲ ಅವರನ್ನು ಕರೆಯುವುದೇ ‘ಆಯ್ತಾ ಸಾರ್’ ಅಂತ. ಮುಖ ಹುಡುಕುವ ಸಾಫ್ಟ್‌ವೇರೊಂದನ್ನು ಹೊಸದಾಗಿ ತಂದಿದ್ದರು. “ಒಂದು ಫೋಟೋ ಕೊಟ್ರೆ ಸಾಕು, ನೂರು ಗಂಟೆ ವಿಡಿಯೋನಲ್ಲೂ ಆ ಮುಖ ಹೆಕ್ಕಿ ಕೊಡುತ್ತೆ. ನೀವು ಕೂತು ಕೂತು ನೋಡೋ ಕಾಲ ಮುಗೀತು, ಆಯ್ತಾ?” ಎಂದರು. ಬುಧವಾರ ಬೆಳಿಗ್ಗೆ ಅತ್ತಿಗೆ ತುಟಿಪಿಟಕ್ಕೆನ್ನದೆ ಅದಕ್ಕೆ ಒಪ್ಪಿದಾಗಲೇ ಪರಿಸ್ಥಿತಿ ಎಷ್ಟು ಬಿಗಡಾಯಿಸಿದೆ ಎಂದು ನನಗೆ ಗೊತ್ತಾಯಿತು.

ಹಳೆಯ ಡಿಸ್ಕುಗಳಿಂದ ಎಲ್ಲವನ್ನೂ ನಕಲು ಮಾಡುವುದರಲ್ಲೇ ಅರ್ಧ ದಿನ ಹೋಯಿತು. ಒಂದು ಡಿಸ್ಕು ಕಟಕಟ ಎಂದು ಸದ್ದು ಮಾಡಿ ಸುಮ್ಮನಾಯಿತು, ಹುಡುಗಿಯ ಮೂರನೇ ಮತ್ತು ನಾಲ್ಕನೇ ಕ್ಲಾಸು ಅದರ ಜೊತೆಗೇ ಹೋದವು. ಉಳಿದ ಏಳು ವರ್ಷದ ಸಿನಿಮಾಗಳಲ್ಲಿ ಸಾಫ್ಟ್‌ವೇರಿಗೆ ಅವಳು ಸಿಕ್ಕಿದ್ದು ಒಂಬತ್ತು ಕಡೆ. ಎಲ್ಲ ಸೇರಿ ಹತ್ತೊಂಬತ್ತು ಸೆಕೆಂಡು. ಕಂಬದ ಚಿತ್ರದಲ್ಲಿ ಮಕ್ಕಳು ಕಡಲೆಕಾಳಿನಷ್ಟು, ಅಲ್ಲಿ ಅದಕ್ಕೆ ಒಂದು ಮುಖವೂ ಸಿಗಲಿಲ್ಲ.

“ಹತ್ತೊಂಬತ್ತನ್ನ ನಿಧಾನ ಮಾಡಿ, ನಾಲ್ಕು ಫೋಟೋ ಹಾಕಿ, ಒಂದು ದೀಪ ಉರಿಸಿ, ಅಳು ಬರೋ ಮ್ಯೂಸಿಕ್ ಸೇರಿಸಿ. ಮೂರು ನಿಮಿಷ ಆಗುತ್ತೆ, ಆಯ್ತಾ?” ಎಂದರು ಆಯ್ತಾ ಸಾರ್.

ಅತ್ತಿಗೆ ಆ ಒಂಬತ್ತು ತುಣುಕುಗಳನ್ನು ಮತ್ತೆ ಮತ್ತೆ ಓಡಿಸುತ್ತಿದ್ದರು. ಪ್ರತಿಯೊಂದರಲ್ಲೂ ಹುಡುಗಿ ಎಡಕ್ಕೆ ತಿರುಗಲು ಶುರು ಮಾಡುತ್ತಾಳೆ, ಅಲ್ಲಿಗೆ ಕಟ್. ಸಾಲಿನಲ್ಲಿ ಬೇರೆಯವರೆಲ್ಲ ಬಲಕ್ಕೆ ಹೋಗುವಾಗ ಇವಳೊಬ್ಬಳ ಭುಜ ಎಡಕ್ಕೆ ವಾಲುತ್ತದೆ, ಕಟ್. ಅತ್ತಿಗೆ ತಲೆಯ ಮೇಲೆ ಕೈ ಹೊತ್ತು ಕೂತರು.

“ಇವಳು ಎಡಗಡೆ ಕಣೇ,” ಎಂದರು.

ಎಡಗಡೆ! ವರ್ಷಾ ವರ್ಷ ಅತ್ತಿಗೆ ಎಡಿಟ್ ಮಾಡುತ್ತಾ “ಬಂತು ನೋಡು ಎಡಗಡೆ, ಇಡೀ ಸಾಲು ಕೆಡಿಸ್ತು” ಎಂದು ಬೈಯುತ್ತಿದ್ದ ಹುಡುಗಿ. ನಾನು ಚಹಾ ತಂದಿಡುವಾಗ “ಅತ್ತಿಗೆ, ಈ ವರ್ಷ ನಿಮ್ಮ ಎಡಗಡೆ ಬಂದಳಾ?” ಎಂದು ತಮಾಷೆ ಮಾಡುತ್ತಿದ್ದೆ. ಅವಳ ಹೆಸರೇನು, ಯಾರ ಮಗಳು ಎಂದು ನಾವು ಒಂದು ದಿನವೂ ಕೇಳಿರಲಿಲ್ಲ. ಅವಳು ಕಾಣಿಸಿದ ಕಡೆಯಲ್ಲೆಲ್ಲ ಅತ್ತಿಗೆ ಬೇರೆ ಕ್ಯಾಮೆರಾಗೆ ಹಾರಿದ್ದರು, ಉಳಿದದ್ದನ್ನು ಅಳಿಸಿಯೂ ಆಗಿತ್ತು.

“ಕಂಬದಲ್ಲಿ ಇದ್ದೇ ಇರ್ತಾಳೆ,” ಎಂದೆ.

“ವರ್ಷಕ್ಕೆ ಐದು ಗಂಟೆ, ಏಳು ವರ್ಷ. ಮೂವತ್ತೈದು ಗಂಟೆ ಎಲ್ಲಿಂದ ತರಲಿ? ನಿಮ್ಮಣ್ಣ ತಂದು ಕೊಡ್ತಾನಾ?” ಎಂದು ನನ್ನ ಮೇಲೆ ಹರಿಹಾಯ್ದರು. ಅಷ್ಟರಲ್ಲಿ ಕೆಳಗೆ ಸೀಟಿ ಕೇಳಿಸಿತು.

ಗುರುವಾರ ಒಂಬತ್ತಕ್ಕೆ ಬಂದವರೇ ಅತ್ತಿಗೆ ತಮ್ಮ ಮೊದಲ ಹಟವನ್ನು ಗಾಳಿಗೆ ತೂರಿದರು. ಕಂಬದ ಚಿತ್ರವನ್ನು ಎಂಟು ಪಟ್ಟು ವೇಗದಲ್ಲಿ ಓಡಿಸಿದರು. ನನಗೆ ತಲೆ ಸುತ್ತಿತು. ಭಾಷಣ ಮಾಡುವವರು ನಡುಗುತ್ತಾರೆ, ಬಹುಮಾನ ಪಡೆಯುವವರು ಇರುವೆಗಳಂತೆ ಹರಿಯುತ್ತಾರೆ. ಡಾನ್ಸ್ ಬಂದಾಗ ಮಾತ್ರ ಬೇರೆಯೇ ಆಯಿತು. ಆ ವೇಗದಲ್ಲಿ ಮೂವತ್ತು ಮಕ್ಕಳ ಸಾಲು ಒಂದೇ ಸೀರೆಯ ಸೆರಗಿನಂತೆ ಬಲಕ್ಕೆ ಎಡಕ್ಕೆ ತೂಗುತ್ತದೆ. ಅದರಲ್ಲಿ ಒಂದು ಚುಕ್ಕೆ ಮಾತ್ರ ಪಟಕ್ಕನೆ ಎದ್ದು ಎಡಕ್ಕೆ ಹೋಗುತ್ತದೆ.

“ಸಿಕ್ಕಿದಳು!” ಎಂದು ಅತ್ತಿಗೆ ಕಿರುಚಿದರು.

ಸಾಫ್ಟ್‌ವೇರ್ ಮುಖ ಹುಡುಕಿತ್ತು. ಅತ್ತಿಗೆ ತಪ್ಪು ಹುಡುಕಿದರು, ಇಪ್ಪತ್ತು ವರ್ಷದಿಂದ ಅವರಿಗೆ ಬರುತ್ತಿದ್ದದ್ದೇ ಅದು. ಒಂದೂವರೆಯ ಹೊತ್ತಿಗೆ ಏಳು ವರ್ಷವೂ ಮುಗಿದು ಹನ್ನೊಂದು ಡಾನ್ಸುಗಳಲ್ಲಿ ಅವಳು ಸಿಕ್ಕಿದ್ದಳು. ನಾನು ಚಪ್ಪಾಳೆ ತಟ್ಟಿದೆ. ಆದರೆ ದೊಡ್ಡದು ಮಾಡಿ ನೋಡಿದರೆ ಬರೀ ಬಣ್ಣದ ಕಲೆ. ಕಣ್ಣಿಲ್ಲ, ಬಾಯಿಲ್ಲ. ಅತ್ತಿಗೆ ಮೂರು ಗಂಟೆ ಹೆಣಗಾಡಿದರು, ಬೆಳಕು ಹೆಚ್ಚಿಸಿದರು, ಅಂಚು ತೀಡಿದರು. ಚಿತ್ರದ ಎಡ ಅಂಚಿನಲ್ಲಿ ಪ್ರತಿ ವರ್ಷ ಕೆಂಪು ಪರದೆಯ ಪಕ್ಕ ಏನೋ ಪಟಪಟ ಎನ್ನುತ್ತಿತ್ತು. ಪರದೆಯ ಚುಂಗು ಗಾಳಿಗೆ ಆಡುತ್ತಿದೆ ಎಂದು ಅದನ್ನು ಮುಚ್ಚಲೂ ನೋಡಿದರು. ಕೊನೆಗೆ ಕೈಚೆಲ್ಲಿ ಕೂತು ಅತ್ತರು. ಅತ್ತಿಗೆ ಅಳುವುದನ್ನು ಮನೆಯಲ್ಲಿ ಕೂಡ ನಾನು ಕಂಡಿರಲಿಲ್ಲ.

“ಮುಖಾನೇ ಇಲ್ಲದ ಮಗಳನ್ನ ಹೇಗೆ ತೋರಿಸಲಿ ಕಣೇ ಆಕೆಗೆ?”

ಐದಕ್ಕೆ ಸರಿಯಾಗಿ ಟೈಲರಮ್ಮ ಬಂದರು. ಅತ್ತಿಗೆ ಮುಚ್ಚಿಡಲಿಲ್ಲ. ನಿಮ್ಮ ಮಗಳು ತಪ್ಪು ಮಾಡಿದಲ್ಲೆಲ್ಲ ಕತ್ತರಿಸಿದವಳು ನಾನೇ, ಅವಳು ಹಿಂದೆ ಇರಲಿಲ್ಲ, ಎರಡನೇ ಸಾಲಿನಲ್ಲೇ ಇದ್ದಳು ಎಂದು ಹೇಳಿದರು. ನಾನು ನೆಲ ನೋಡುತ್ತಾ ನಿಂತಿದ್ದೆ. ಟೈಲರಮ್ಮ ಬೈಯಲಿಲ್ಲ. ತೋರಿಸಿ ಎಂದರು, ಅಷ್ಟೇ.

ಎಂಟು ಪಟ್ಟು ವೇಗದಲ್ಲೇ ಬಣ್ಣದ ಕಲೆ ಓಡಾಡಿತು. “ಇವಳೇ,” ಎಂದರು ತಕ್ಷಣ. “ಹಳದಿ ಲಂಗ. ಕೆಳಗೆ ಪಟ್ಟಿ ಗಿಡ್ಡ ಬಂದಿತ್ತು, ಬೇರೆ ಬಟ್ಟೆ ಸೇರಿಸಿದ್ದೆ.” ಮುಖ ಬೇಕಾಗಿರಲಿಲ್ಲ ಅವರಿಗೆ. ಒಂದೊಂದು ವರ್ಷದ ಬಟ್ಟೆಯನ್ನೂ ಗುರುತಿಸುತ್ತಾ, ನಗುತ್ತಾ ನೋಡಿದರು. ಆಮೇಲೆ ನಗು ನಿಂತಿತು.

“ಇವಳು ಯಾಕೆ ಪ್ರತಿ ಸಲ ಆ ಕಡೆಗೇ ತಿರುಗ್ತಾಳೆ?” ಎಂದರು. ಅವರೇ ಎದ್ದು ಸ್ಕ್ರೀನಿನ ಹತ್ತಿರ ಹೋಗಿ ಎಡ ಅಂಚಿನ ಮೇಲೆ ಬೆರಳಿಟ್ಟರು. “ಇದು ನನ್ನ ಕೈ ಅಲ್ವಾ?”

ಅತ್ತಿಗೆ ಮಾಮೂಲಿ ವೇಗಕ್ಕೆ ತಂದರು. ಪರದೆಯ ಚುಂಗಲ್ಲ. ಒಂದು ಮೊಣಕೈ, ದಾರ ಎಳೆದು ಮೇಲೇಳುವ ಕೈ, ಮತ್ತೆ ಇಳಿಯುವ ಕೈ.

“ನಾನು ಅಲ್ಲೇ ಕೂತ್ಕೋತಿದ್ದೆ. ನಾನು ನೋಡ್ತಿದೀನಾ ಅಂತ ತಿರುಗಿದಾಳೆ ಮಗು.” ಟೈಲರಮ್ಮ ಅತ್ತಿಗೆಯ ಕಡೆ ತಿರುಗಿದರು. “ಒಂದ್ಸಲನಾದ್ರೂ ನನ್ನ ಕೈ ನಿಂತಿದ್ಯಾ ನೋಡಿ ಅಮ್ಮಾ. ಒಂದೇ ಒಂದ್ಸಲ.”

ಗಂಟೆ ಐದೂಮುಕ್ಕಾಲು. ಹನ್ನೊಂದು ಡಾನ್ಸುಗಳನ್ನು ಮೂವರೂ ಕಣ್ಣಲ್ಲಿ ಕಣ್ಣಿಟ್ಟು ಪೂರ್ತಿ ನೋಡಿದೆವು. ಹುಡುಗಿ ತಿರುಗುತ್ತಾಳೆ, ಕೈ ಹೊಲಿಯುತ್ತದೆ. ತಿರುಗುತ್ತಾಳೆ, ಹೊಲಿಯುತ್ತದೆ. ನಿಲ್ಲು ಎಂದು ನಾನು ಒಳಗೊಳಗೇ ಆ ಕೈಗೆ ಕೈಮುಗಿದೆ. ಕೊನೆಯದರಲ್ಲಿ, ಒಂಬತ್ತನೇ ಕ್ಲಾಸಿನದರಲ್ಲಿ, ಕೈ ಮೇಲೆದ್ದು ನಿಂತಿತು. ಹನ್ನೊಂದು ಸೆಕೆಂಡು.

“ನಿಂತಿದೆ ನೋಡಿ! ನೀವು ನೋಡಿದೀರಿ ಅವಳನ್ನ!” ಎಂದು ಅತ್ತಿಗೆ ಅವರ ಭುಜ ಹಿಡಿದು ಅಲ್ಲಾಡಿಸಿದರು.

ಟೈಲರಮ್ಮ ಬಹಳ ಹೊತ್ತು ನೋಡಿದರು. “ಇಲ್ಲಮ್ಮಾ. ಇದು ಸೂಜಿಗೆ ದಾರ ಪೋಣಿಸೋ ಕೈ. ಆ ವರ್ಷ ನಂಗೆ ಕನ್ನಡಕ ಇರಲಿಲ್ಲ, ಪೋಣಿಸೋಕೆ ಹೊತ್ತು ಹಿಡೀತಿತ್ತು.”

ಕೆಳಗೆ ಸೀಟಿ ಕೇಳಿಸಿತು. ಅತ್ತಿಗೆ ಆ ಹನ್ನೊಂದು ಸೆಕೆಂಡನ್ನು ಕತ್ತರಿಸದೆ, ಎಡಕ್ಕೆ ತಿರುಗಿದ ಉಳಿದ ತುಣುಕುಗಳ ಕೊನೆಗೆ ಜೋಡಿಸಿ, ಪೆನ್‌ಡ್ರೈವಿಗೆ ಹಾಕಿಕೊಂಡು ಎದ್ದರು.

ಶುಕ್ರವಾರ ಶಾಲೆಯ ಸಭಾಂಗಣದಲ್ಲಿ ವೇದಿಕೆಯ ಮಧ್ಯೆ ಬಿಳಿ ಸ್ಕ್ರೀನು, ಎರಡೂ ಪಕ್ಕ ಅದೇ ಕೆಂಪು ಪರದೆ. ಟೈಲರಮ್ಮನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಲ್ಯಾಪ್‌ಟಾಪಿನ ಮುಂದೆ ಅತ್ತಿಗೆ, ಪಕ್ಕದಲ್ಲಿ ನಾನು. ಮೊದಲ ತಪ್ಪು ಹೆಜ್ಜೆಗೆ ಹುಡುಗಿಯ ಕ್ಲಾಸಿನವರು ಗೊಳ್ಳೆಂದು ನಕ್ಕರು, ಮೂರನೆಯದಕ್ಕೆ ಬಿಕ್ಕಲು ಶುರು ಮಾಡಿದರು. ಕೊನೆಯ ಚಿತ್ರ ಬಂತು. ಹುಡುಗಿ ಎಡಕ್ಕೆ ತಿರುಗಿದಳು.

ಟೈಲರಮ್ಮ ಎದ್ದರು. ವೇದಿಕೆಯ ಮೆಟ್ಟಿಲು ಹತ್ತಿ ಎಡಗಡೆ ಪರದೆಯ ಪಕ್ಕ, ತಾವು ವರ್ಷಾ ವರ್ಷ ಕೂರುತ್ತಿದ್ದ ಜಾಗದಲ್ಲಿ ಹೋಗಿ ನಿಂತು, ತಲೆ ಎತ್ತಿ ಮಗಳನ್ನು ನೋಡಿದರು. ಕೈಯಲ್ಲಿ ಸೂಜಿ ಇರಲಿಲ್ಲ.

ಅತ್ತಿಗೆ ಚಿತ್ರವನ್ನು ಅಲ್ಲೇ ನಿಲ್ಲಿಸಿದರು. ಮುಂದಿನ ಭಾಷಣಕ್ಕೆ ಹೊತ್ತಾಯಿತೆಂದು ಮುಖ್ಯೋಪಾಧ್ಯಾಯಿನಿ ಎರಡು ಸಲ ಸನ್ನೆ ಮಾಡಿದರು. ಅತ್ತಿಗೆ ಆ ಕಡೆ ತಿರುಗಿಯೂ ನೋಡಲಿಲ್ಲ.